ವಾರ ತಡವಾಗಿ ಬಂದ ಕೆಡ್ಡಸ

ಕಳೆದ ಶನಿವಾರ ನಾನೊಂದು ಸುಳ್ಳು ಹೇಳಿದೆ. ಅದೂ ಭೂಮಿತಾಯಿಯ ಹೆಸರಿನಲ್ಲಿ.

ಪುಳ್ಳಿಗಳೇ, ನನ್ನ ಮೊಮ್ಮಕ್ಕಳೇ, ಸುಳ್ಳು ಹೇಳಿದರೆ ನಾಲಗೆಯಲ್ಲಿ ಹುಣ್ಣಾಗುತ್ತದೆ ಎಂದು ನಿಮ್ಮನ್ನೆಲ್ಲ ಹೆದರಿಸಿದವಳು ನಾನೇ. ಈ ವಾರವಿಡೀ ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿಕೊಂಡಿದ್ದೇನೆ. ಏನೂ ಆಗಿಲ್ಲ. (ಇದನ್ನು ಓದಿ ನೀವು ಶುರು ಮಾಡಬೇಡಿ.)

ಪತ್ರಿಕೆಯ ಈ ಮೂಲೆಯನ್ನು ವಾರವಾರವೂ ಓದುವ ಉಳಿದವರಿಗೂ ನನ್ನ ಸ್ವಭಾವ ಗೊತ್ತು. ಬರೆಯಲು ಕೂತರೆ ಬರೆಯುತ್ತೇನೆ, ಎದುರಿಗೆ ನಾಲ್ಕು ಜನ ನಿಂತರೆ ಮಾತು ಹೊರಡುವುದಿಲ್ಲ. ಬಸ್ಸಿನಲ್ಲಿ ‘ಇಳಿಯಲಿಕ್ಕೆ ಉಂಟು’ ಎಂದು ಕೂಗಲು ನಾಚಿಕೆಯಾಗಿ, ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿಯುವಾಗ ಅವರ ಹಿಂದೆ ಇಳಿದು, ಬಿಸಿಲಲ್ಲಿ ವಾಪಸ್ಸು ನಡೆದುಕೊಂಡು ಬಂದವಳು ನಾನು. ಅಂಥವಳು ಗುರುತಿಲ್ಲದ ಗಂಡಸೊಬ್ಬನ ಎದುರು ನಿಂತು ಸುಳ್ಳು ಹೇಳಿದೆನೆಂದರೆ ಕಾರಣ ಇರಬೇಕಲ್ಲ?

ಇತ್ತು. ಉಗುರಿನಷ್ಟು ದೊಡ್ಡ ಕಾರಣ. ನೀಲಿ ಬಣ್ಣದ್ದು.

ನಗರದ ಅಂಚಿನಲ್ಲಿ ಬೇಲಿ ಹಾಕಿ ಕಾಪಾಡಿದ ಒಂದು ಗುಡ್ಡೆ ಇದೆ. ನಮ್ಮ ಬಿಕರ್ನಕಟ್ಟೆಯಿಂದ ಒಂದೇ ಬಸ್ಸು. ಗಿಡ, ಮರ, ಹಕ್ಕಿ, ಹಾವು ಎಲ್ಲಕ್ಕೂ ಆ ಗುಡ್ಡೆ ಮೀಸಲು. ಮನುಷ್ಯರಿಗೆ ಮಾತ್ರ ಹೊತ್ತು ಗೊತ್ತು ಇದೆ. ಶನಿವಾರ ಬೆಳಗ್ಗೆ ನಾನು ಮತ್ತು ಚಿನ್ನು ಅಲ್ಲಿಗೆ ಹೋಗುತ್ತೇವೆ. ಚಿನ್ನು ಎಂದರೆ ಮಗಳು ಸುಜಾತಳ ಮಗಳು, ನನ್ನ ಪುಳ್ಳಿಗಳಲ್ಲಿ ಚಿಕ್ಕವಳು. ಸುಜಾತಳಿಗೆ ಶನಿವಾರವೂ ಕೆಲಸ. ಮನೆಯಲ್ಲಿ ಟಿವಿ ನೋಡುತ್ತಾ ಕೂರುವ ಬದಲು ಎಲ್ಲಾದರೂ ಹೋಗಿ ಬನ್ನಿ ಎಂದು ಅವಳೇ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ ನಮ್ಮನ್ನು ಹೊರಗೆ ಕಳಿಸುವುದು.

ಪುಸ್ತಕದಲ್ಲಿ ವಸಂತ ಯುಗಾದಿಗೆ ಬರುತ್ತದೆ. ನಮ್ಮ ಗುಡ್ಡೆಗೆ ಅಷ್ಟು ತಾಳ್ಮೆಯಿಲ್ಲ. ಚಳಿ (ಮಂಗಳೂರಿನಲ್ಲಿ ನಾವು ಚಳಿ ಎಂದು ಕರೆಯುವ ಆ ನಾಲ್ಕಾರು ಬೆಳಗುಗಳು) ಮುಗಿದದ್ದೇ ತಡ, ಅದು ಹೂ ಬಿಡಲು ಶುರುಮಾಡುತ್ತದೆ.

ಮೊದಲು ಬರುವುದು ವಾಸನೆ. ಗೇಟು ದಾಟಿ ಕೆಂಪು ಮುರಕಲ್ಲಿನ ದಾರಿ ಹತ್ತುವಾಗಲೇ ಗೇರು ಹೂವಿನ ಸಿಹಿ ವಾಸನೆ ಬಂದು ಮುಖಕ್ಕೆ ತಾಗುತ್ತದೆ. ಆಮೇಲೆ ಕಲ್ಲುಗಳ ಸಂದಿಯಲ್ಲಿ ಕೇಪುಳ, ಕೆಂಡ ಚೆಲ್ಲಿದ ಹಾಗೆ. ಅದರಾಚೆ ಮುಳ್ಳಿನ ಮಧ್ಯೆ ಕರಂಡೆಯ ಬಿಳಿ ಹೂ. ಇನ್ನೂ ಮೇಲೆ ಹೋದರೆ ಒಂದು ಜಾತಿಯ ಗಿಡ. ಅದರ ಹೂವಿಗೆ ತೊಟ್ಟೇ ಇಲ್ಲವೇನೋ ಎಂಬಂತೆ ಕೊಂಬೆಗೇ ಅಂಟಿಕೊಂಡಿರುತ್ತದೆ, ನೀಲಿ ಹೊಗೆ ಬಂದು ಕೊಂಬೆಯ ಮೇಲೆ ಕೂತ ಹಾಗೆ. ಅದಕ್ಕೆ ಏನೋ ಹೆಸರಿದೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ನೋಡುವುದಕ್ಕೇನೂ ತೊಂದರೆಯಾಗಿಲ್ಲ.

ತುದಿಯಲ್ಲಿ ಹುಲ್ಲಿನ ಇಳಿಜಾರು. ಅಲ್ಲಿ ಕುಳಿತರೆ ದೂರದಲ್ಲಿ ಕಡಲು ಕಾಣಿಸುತ್ತದೆ. ಕಾಣಿಸುತ್ತದೆ ಎನ್ನುವುದಕ್ಕಿಂತ, ಆಕಾಶ ಎಲ್ಲಿ ಮುಗಿಯಿತು ಎಂಬುದು ಕಾಣಿಸುವುದಿಲ್ಲ ಎನ್ನಬೇಕು. ನೋಡುತ್ತಾ ನೋಡುತ್ತಾ ಕಣ್ಣು ಭಾರವಾಗುತ್ತದೆ. ಅರ್ಧ ನಿದ್ದೆ. ಜೇನುನೊಣಗಳ ಸದ್ದು ಎಲ್ಲೋ ದೂರದ ಬೋಟಿನ ಸದ್ದಿನ ಹಾಗೆ. ಆ ಅರೆನಿದ್ದೆಯಲ್ಲಿ ಕೆಲವೊಮ್ಮೆ ನಿಮ್ಮ ಅಜ್ಜ ಬರುತ್ತಾರೆ. ಬಂದರಿನ ಗೋಡೌನಿನಲ್ಲಿ ಕೆಲಸ ಮಾಡುತ್ತಿದ್ದವರು. ಸಂಜೆ ಮನೆಗೆ ಬರುವಾಗ ಅಂಗಿಯಲ್ಲಿ ಒಣಮೆಣಸಿನ ಘಾಟು, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ. ಮಲ್ಲಿಗೆಯ ಜೊತೆ ನನಗೆ ಸೀನೂ ಬರುತ್ತಿತ್ತು. ಅವರು ನಗುತ್ತಿದ್ದರು. ಕನಸಿನಲ್ಲಿ ಬರುವಾಗ ಅವರು ಏನನ್ನೂ ತಂದಿರುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಕಡಲು ನೋಡುತ್ತಾರೆ, ಎದ್ದು ಹೋಗುತ್ತಾರೆ. ಎಚ್ಚರವಾದಾಗ ಸೀನು ಬಂದರೆ ಗೇರು ಹೂವಿನಿಂದ ಎಂದುಕೊಳ್ಳುತ್ತೇನೆ.

ಅವರು ಹೋದ ಮೇಲೆ ನಾನು ಹೂ ಮುಡಿದಿಲ್ಲ. ಯಾರೂ ಬೇಡ ಎನ್ನಲಿಲ್ಲ, ಯಾರೂ ಮುಡಿ ಎನ್ನಲೂ ಇಲ್ಲ. ಬಸ್‌ಸ್ಟಾಪಿನ ಹೂವಿನವಳು ನನ್ನನ್ನು ಕಂಡರೆ ‘ಹೂ ಬೇಕಾ’ ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿ ಬೇರೆ ಕಡೆ ನೋಡುತ್ತಾಳೆ. ಪಾಪ, ಅವಳ ತಪ್ಪಲ್ಲ. ಮದುವೆ ಮನೆಯಲ್ಲಿ ಹೂವಿನ ತಟ್ಟೆ ನನ್ನ ಹತ್ತಿರ ಬರುವಾಗ ತಟ್ಟೆ ಹಿಡಿದವರಿಗೂ ಕಷ್ಟ, ನನಗೂ ಕಷ್ಟ.

ಆದರೆ ಈ ಗುಡ್ಡೆಯಲ್ಲಿ? ‘ಹೂ ಕೀಳಬಾರದು’ ಎಂದು ಹೆಜ್ಜೆ ಹೆಜ್ಜೆಗೂ ಬೋರ್ಡ್. ರೇಷ್ಮೆ ಸೀರೆ ಉಟ್ಟವರೂ ಕೀಳುವಂತಿಲ್ಲ, ಮೊನ್ನೆ ಮದುವೆಯಾದವರೂ ಮುಡಿಯುವಂತಿಲ್ಲ. ಎಲ್ಲರೂ ನನ್ನ ಹಾಗೆಯೇ ಕೈ ಹಿಂದಕ್ಕೆ ಕಟ್ಟಿ ನೋಡಬೇಕು. ಇಷ್ಟು ಹೂವಿನ ನಡುವೆ ನನ್ನನ್ನು ಬೇರೆ ಎಂದು ಕಾಣದ ಜಾಗ ಇನ್ನೊಂದಿಲ್ಲ. ಮಗಳಿಗೆ ನಾನಿದನ್ನು ಹೇಳಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. (ಅವಳು ನನ್ನ ಅಂಕಣ ಓದುವುದಿಲ್ಲ, ‘ನಿನ್ನ ಕತೆ ಮನೆಯಲ್ಲೇ ಕೇಳ್ತೇನಲ್ಲ’ ಎನ್ನುತ್ತಾಳೆ.)

ಈಗ ನೀಲಿ ಹೂವಿನ ವಿಷಯ.

ಭಾನುವಾರ ಆ ಗುಡ್ಡೆಯಲ್ಲಿ ‘ಫ್ಲವರ್ ವಾಕ್’ ಎಂದು ಒಂದು ಕಾರ್ಯಕ್ರಮ ಇಟ್ಟಿದ್ದರು. ಊರಿನ ಗಣ್ಯರು ಬರುವುದು, ವಸಂತದ ಕಾಡುಹೂಗಳನ್ನು ನೋಡುವುದು. ಒಂದೊಂದು ಹೂವಿನ ಬಳಿ ಒಂದೊಂದು ಮಗು ನಿಂತು ಅದರ ಬಗ್ಗೆ ನಾಲ್ಕು ಮಾತು ಹೇಳುವುದು. ಹೇಳುವವರು ‘ಕೈ ಎತ್ತಿ’ ಎಂದು ಶಾಲೆಯ ಟೀಚರ್ ಕೇಳಿದಾಗ ಚಿನ್ನು ಕೈ ಎತ್ತಿಬಿಟ್ಟಿದ್ದಳು!

ಇದೇನು ದೊಡ್ಡ ಸುದ್ದಿ ಎನ್ನಬೇಡಿ. ಚಿನ್ನು ನನ್ನ ಹಾಗೆ. ಮನೆಯಲ್ಲಿ ಬಾಯಿಗೆ ಬೀಗ ಇಲ್ಲ, ಹೊರಗಿನವರ ಎದುರು ಮಾತೇ ಇಲ್ಲ. ಕ್ಲಾಸಿನಲ್ಲಿ ಹಾಜರಿ ಕರೆದರೆ ‘ಪ್ರೆಸೆಂಟ್’ ಎನ್ನಲೂ ಅವಳಿಗೆ ಧೈರ್ಯ ಸಾಲದು. ಅವಳ ಬದಲು ಪಕ್ಕದ ಹುಡುಗಿ ಹೇಳುತ್ತಾಳೆ. ಹಾಗಿದ್ದವಳು ಕೈ ಎತ್ತಿದ್ದು ವಿಷ್ಣುಕ್ರಾಂತಿಗಾಗಿ. ಆ ಹುಲ್ಲಿನ ಇಳಿಜಾರಿನಲ್ಲಿ ನೆಲಕ್ಕೆ ಒರಗಿಕೊಂಡು ಬೆಳೆಯುವ ಗಿಡ. ಉಗುರಿನಷ್ಟು ನೀಲಿ ಹೂ, ಬಿಸಿಲು ಬಂದಾಗ ಅರಳುತ್ತದೆ, ಮಧ್ಯಾಹ್ನದ ಒಳಗೆ ಮುಚ್ಚಿಕೊಳ್ಳುತ್ತದೆ. ಕೇಪುಳಕ್ಕೆ ಮೂವರು ಮಕ್ಕಳು ಜಗಳಾಡಿದರಂತೆ. ಇದನ್ನು ಯಾರೂ ಕೇಳಲಿಲ್ಲವಂತೆ.

“ಅಜ್ಜಿ, ಅದು ಸಾ ನಮ್ಮ ಹಾಗೆ ನಾಚಿಕೆಯದ್ದು. ನಾವು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ,” ಎಂದಳು ಚಿನ್ನು.

ಶನಿವಾರ ಪ್ರಾಕ್ಟೀಸಿಗೆಂದು ಹೋದೆವು. ಅವಳು ಹೂವಿನ ಪಕ್ಕ ನಿಂತು ಹೇಳುವುದು, ನಾನು ಗಣ್ಯರ ಹಾಗೆ ತಲೆಯಾಡಿಸುವುದು ಎಂದು ಮಾತಾಗಿತ್ತು. ಗೇಟಿನ ಬಳಿಯೇ ಒಂದು ಆಶ್ಚರ್ಯ. ಸಾಲಾಗಿ ಹೂವಿನ ಚಟ್ಟಿಗಳು! ಚೆಂಡು ಹೂ, ಸೇವಂತಿಗೆ, ಹೆಸರು ಗೊತ್ತಿಲ್ಲದ ವಿಲಾಯತಿ ಹೂಗಳು. ನರ್ಸರಿಯ ಚೀಟಿ ಇನ್ನೂ ಚಟ್ಟಿಗೆ ಅಂಟಿಕೊಂಡಿತ್ತು. ಕಾಡುಹೂ ನೋಡಲು ಬರುವವರಿಗೆ ಬೇಸರವಾಗಬಾರದೆಂದು ಊರಹೂಗಳನ್ನು ತರಿಸಿದ್ದರು.

ಮೇಲಿನಿಂದ ಗರ್ ಎಂದು ಸದ್ದು ಕೇಳುತ್ತಿತ್ತು.

ಇಳಿಜಾರಿನಲ್ಲಿ ಒಬ್ಬ ಹೆಗಲಿಗೆ ಹುಲ್ಲು ಹೆರೆಯುವ ಮೆಷಿನ್ ತೂಗುಹಾಕಿಕೊಂಡು ನಿಂತಿದ್ದ. ಒಂದು ಕಡೆಯಿಂದ ಹುಲ್ಲು ಸಪಾಟಾಗುತ್ತಾ ಬರುತ್ತಿತ್ತು. ಹುಲ್ಲಿನ ಜೊತೆ ತುಂಬೆ, ಹುಲ್ಲಿನ ಜೊತೆ ಸಣ್ಣ ಕೇಪುಳ. ಗಾಳಿಯಲ್ಲಿ ಹಸಿ ವಾಸನೆ. ವಿಷ್ಣುಕ್ರಾಂತಿಯ ಜಾಗಕ್ಕೆ ಅವನಿನ್ನೂ ತಲುಪಿರಲಿಲ್ಲ. ಅಲ್ಲಿ ನೀಲಿ ಚುಕ್ಕೆಗಳು ಬಿಸಿಲಿಗೆ ಮುಖ ಮಾಡಿಕೊಂಡು, ಯಾವ ಸುದ್ದಿಯೂ ಗೊತ್ತಿಲ್ಲದ ಹಾಗೆ ಅರಳಿದ್ದವು.

ಚಿನ್ನು ನನ್ನ ಸೆರಗು ಹಿಡಿದಳು. ಅಳಲಿಲ್ಲ. ಮುಖ ಆ ಹೂವಿನ ಹಾಗೆ ಮುಚ್ಚಿಕೊಳ್ಳುತ್ತಾ ಬಂತು. ನನಗೆ ಆ ಮುಖ ಗೊತ್ತು. ಅದು ‘ಇನ್ನು ಕೈ ಎತ್ತುವುದಿಲ್ಲ’ ಎಂಬ ಮುಖ. ಒಮ್ಮೆ ಹಾಗೆ ಮುಚ್ಚಿಕೊಂಡರೆ ಎಷ್ಟು ವರ್ಷ ಮುಚ್ಚಿಯೇ ಇರಬಹುದು ಎಂಬುದೂ ಗೊತ್ತು.

ನಾನು ಹೋಗಿ ಅವನ ಎದುರು ನಿಂತೆ. ಅವನು ಮೆಷಿನ್ ನಿಲ್ಲಿಸಿದ. ಮೂವತ್ತು ದಾಟಿದ ಹುಡುಗ, ಮುಖದಲ್ಲೆಲ್ಲ ಹುಲ್ಲಿನ ಪುಡಿ. ಹರೀಶ ಎಂದು ಹೆಸರು, ತೊಕ್ಕೊಟ್ಟಿನವನು ಎಂಬುದೆಲ್ಲ ಆಮೇಲೆ ಗೊತ್ತಾದದ್ದು.

“ಎಂತ ಅಮ್ಮಾ? ದೂರ ನಿಲ್ಲಿ, ಕಲ್ಲು ಹಾರ್ತದೆ.”

“ಇಲ್ಲಿ... ಯಾಕೆ ಮಗಾ?”

“ನಾಳೆ ಫಂಕ್ಷನ್ ಉಂಟಲ್ಲ. ಕ್ಲೀನ್ ಮಾಡ್ಲಿಕ್ಕೆ ಆಫೀಸಿನಿಂದ ಹೇಳಿದ್ದಾರೆ. ಇಲ್ಲಿ ಸಾ ಚಟ್ಟಿ ಇಡ್ಲಿಕ್ಕೆ ಉಂಟು.”

ಹೂ ನೋಡಲು ಬರುವವರಿಗಾಗಿ ಹೂ ಕತ್ತರಿಸುವುದು! ನಮ್ಮ ಊರಿನ ‘ಕ್ಲೀನ್’ ಎಂಬ ಮಾತಿಗೆ ಇರುವ ಶಕ್ತಿ ಬೇರೆ ಯಾವುದಕ್ಕೆ ಇದೆ ಹೇಳಿ? ಅಂಗಳದಲ್ಲಿ ಒಂದು ಹಸಿರು ಎಸಳು ಕಂಡರೆ ನಮಗೆ ನಿದ್ದೆ ಬರುವುದಿಲ್ಲ. ನಾನೂ ಹಾಗೆಯೇ ಬೆಳೆದವಳು. ಇದನ್ನೆಲ್ಲ ಅವನಿಗೆ ಚೆನ್ನಾಗಿ ವಿವರಿಸಬೇಕಿತ್ತು. ಹೂವಿನ ಬಗ್ಗೆ, ಮಗುವಿನ ಬಗ್ಗೆ, ನಾಳೆಯ ಬಗ್ಗೆ. ಎಲ್ಲಿಂದ ಶುರುಮಾಡುವುದೆಂದು ಮಾತು ಜೋಡಿಸುತ್ತಾ ನಿಂತೆ. ಅವನು ಮೆಷಿನ್ ಚಾಲು ಮಾಡುವ ಹಗ್ಗಕ್ಕೆ ಕೈ ಹಾಕಿದ.

“ಇವತ್ತು ಕೆಡ್ಡಸ!” ಎಂದೆ.

ಹೇಗೆ ಬಂತೋ ಗೊತ್ತಿಲ್ಲ. ಕೆಡ್ಡಸ ಕಳೆದು ವಾರವಾಗಿತ್ತು.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಕೆಡ್ಡಸ ಎಂದರೆ ನಮ್ಮ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆಗ ನೆಲ ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಬಳಿ ಎಣ್ಣೆ, ಸೀಗೆ, ಅರಶಿನ, ಕುಂಕುಮ, ಬಾಚಣಿಗೆ ಇಟ್ಟು ಅವಳನ್ನು ಸ್ನಾನಕ್ಕೆ ಕರೆಯುತ್ತೇವೆ. ನಮಗೆಲ್ಲ ನನ್ನೇರಿ: ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ತೆಂಗಿನಕಾಯಿ ಸೇರಿಸಿದ್ದು. ನಾನು ಸಣ್ಣವಳಿದ್ದಾಗ ಆ ದಿನಗಳಲ್ಲಿ ಮಕ್ಕಳೆಲ್ಲ ಅಂಗಳದಲ್ಲಿ ತುದಿಗಾಲಲ್ಲಿ ನಡೆಯುತ್ತಿದ್ದೆವು. ಕೆಳಗೆ ಯಾರೋ ಹೆಂಗಸು ಸುಸ್ತಾಗಿ ಮಲಗಿದ್ದಾಳೆ, ಸದ್ದು ಮಾಡಬಾರದು ಎಂದು. ಗದ್ದೆ ಸುಮ್ಮನೆ, ಹಾರೆ ಸುಮ್ಮನೆ, ಕತ್ತಿ ಸುಮ್ಮನೆ. ಬೆಳಗಿನ ಮಂಜು ಕೂಡ ಮೆಲ್ಲಗೆ ಏಳುತ್ತಿದೆ ಎಂದು ನನಗೆ ಅನಿಸುತ್ತಿತ್ತು.

ಹರೀಶನ ಕೈ ಹಗ್ಗದಲ್ಲೇ ನಿಂತಿತು.

“ಇವತ್ತಾ? ಹೌದಾ?”

ನಾನು ತಲೆಯಾಡಿಸಿದೆ. ಬಾಯಿಯಲ್ಲಿ ಹೇಳುವುದಕ್ಕಿಂತ ತಲೆಯಲ್ಲಿ ಸುಳ್ಳು ಹೇಳುವುದು ಸುಲಭ.

“ಒಂದು ನಿಮಿಷ ಅಮ್ಮಾ,” ಎಂದು ಅವನು ಫೋನ್ ತೆಗೆದ. ಕೈಯೆಲ್ಲ ಗ್ರೀಸು, ಹಾಗಾಗಿ ಸ್ಪೀಕರ್ ಹಾಕಿ ಕಲ್ಲಿನ ಮೇಲೆ ಇಟ್ಟ. ಅವನು ಫೋನ್ ಮಾಡಿದ್ದು ತನ್ನ ತಾಯಿಗೆ. ಈ ಊರಿನಲ್ಲಿ ಗೂಗಲ್‌ಗೆ ಸುಳ್ಳು ಹೇಳಬಹುದು, ತೊಕ್ಕೊಟ್ಟಿನ ತಾಯಂದಿರಿಗೆ ಹೇಳಲಾಗುತ್ತದೆಯೇ?

(ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಆದಷ್ಟು ಹಾಗೆಯೇ ಕನ್ನಡಕ್ಕೆ ತಂದಿದ್ದೇನೆ.)

“ಅಮ್ಮಾ, ಇವತ್ತು ಕೆಡ್ಡಸ ಉಂಟಾ?”

“ಎಂಥ ಕೆಡ್ಡಸ? ಕಳೆದ ವಾರ ನೀನು ನನ್ನೇರಿ ತಿಂದದ್ದು ಮತ್ತೆ ಎಂತಕ್ಕೆ? ಪುನಃ ಪುನಃ ಹಾಕಿಸಿಕೊಂಡು ತಿಂದಿದ್ದಿ. ತಲೆಗೆ ಇಲ್ಲದಿದ್ದರೆ ಬೇಡ, ಹೊಟ್ಟೆಗಾದರೂ ನೆನಪು ಬೇಡವಾ?”

ಹರೀಶ ನನ್ನನ್ನು ನೋಡಿದ. ನಾನು ಕಡಲನ್ನು ನೋಡಿದೆ.

“ಅಲ್ಲ, ಇಲ್ಲಿ ಒಬ್ಬರು ಅಮ್ಮ ಹೇಳ್ತಿದ್ದಾರೆ, ಇವತ್ತು ಅಂತ.”

“ನೀನು ಎಂತ ಮಾಡ್ತಿದ್ದಿ ಅಲ್ಲಿ?”

“ಹುಲ್ಲು ಹೆರೆಯುವುದು.”

“ಬರೀ ಹುಲ್ಲಾ?”

ಅವನು ಸುತ್ತ ನೋಡಿದ. ಆವರೆಗೆ ಅವನು ನೋಡಿರಲಿಲ್ಲವೆಂದು ಕಾಣುತ್ತದೆ. “ಸಣ್ಣ ಸಣ್ಣ ಹೂ ಸಾ ಉಂಟು,” ಎಂದ.

“ಫೋನ್ ಅವರ ಹತ್ತಿರ ಹಿಡಿ.”

ನಾನು ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ.

“ಅಕ್ಕಾ, ಕೆಡ್ಡಸ ಕಳೀತಲ್ಲ?” ಎಂದಿತು ಫೋನಿನ ಧ್ವನಿ. ಗದರಿಕೆ ಇರಲಿಲ್ಲ.

“ಹೌದು ಅಕ್ಕಾ. ಗೊತ್ತುಂಟು ನನಗೆ.”

“ಮತ್ತೆ?”

ಮತ್ತೆ ಏನು ಹೇಳುವುದು? ಮುಖ ಕಾಣದ ಹೆಂಗಸು, ಹಾಗಾಗಿಯೋ ಏನೋ ಮಾತು ಬಂತು. “ನನ್ನ ಪುಳ್ಳಿ ನಾಳೆ ಇಲ್ಲಿ ಈ ಹೂವಿನ ಹತ್ತಿರ ನಿಂತು ಮಾತಾಡ್ಲಿಕ್ಕೆ ಉಂಟು. ಅವಳು ಹೊರಗಿನವರ ಎದುರು ಮಾತಾಡಿದವಳೇ ಅಲ್ಲ. ಹೂ ಹೋದರೆ ಅವಳ ಮಾತು ಸಾ ಹೋಗ್ತದೆ. ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ ಅಕ್ಕಾ. ಕೆಡ್ಡಸ ಅಂತ ಬಾಯಿಗೆ ಬಂತು.”

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು, ಗ್ಯಾಸ್ ಆರಿಸಿದ ಸದ್ದು ಕೇಳಿಸಿತು.

“ಒಂದು ಮಾತು ಹೇಳ್ತೇನೆ ಅಕ್ಕಾ,” ಎಂದರು ಅವರು. “ಬರಬಾರದ ಹೊತ್ತಿಗೆ ಮಳೆ ಬರ್ತದೆ. ಚಳಿ ಬರಬೇಕಾದಾಗ ಸೆಕೆ. ಮೇಲಿನದ್ದೆಲ್ಲ ಹೀಗೆ ಹಿಂದೆ ಮುಂದೆ ಆದ ಮೇಲೆ ಕೆಳಗಿನ ಆ ತಾಯಿಯದ್ದು ಮಾತ್ರ ಸರಿಯಾದ ದಿನಕ್ಕೆ ಬರ್ತದಾ? ನಮಗೆ ಸಾ ಏರುಪೇರು ಆಗ್ತಿರಲಿಲ್ವಾ? ಒಂದು ವಾರ ತಡ ಆಗಿರಬಹುದು.”

“ಅಮ್ಮಾ! ಸ್ಪೀಕರ್ ಉಂಟು!” ಎಂದು ಹರೀಶ ಕೂಗಿದ. ಮುಖ ಕೇಪುಳದ ಬಣ್ಣ.

“ಇರಲಿ, ಕೇಳು. ನೀನೇನು ಬಾನಿನಿಂದ ಬಿದ್ದವನಾ? ಇವತ್ತು ಕೆಡ್ಡಸ. ಮೆಷಿನ್ ಕೆಳಗಿಡು.”

(ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಬಹಳ ಯೋಚಿಸಿದೆ. ಭೂಮಿತಾಯಿಯ ಮುಟ್ಟಿಗೆ ಊರೇ ಹಬ್ಬ ಮಾಡುತ್ತದೆ. ನಮ್ಮದಕ್ಕೆ ಏಕೆ ಇಷ್ಟು ಪಿಸುಮಾತು? ಹಾಗಾಗಿ ಬರೆದಿದ್ದೇನೆ.)

ತಾಯಿಯ ಮಾತೇನೋ ಆಯಿತು, ಆಫೀಸಿಗೆ ಏನು ಹೇಳುವುದು? ಕೆಲಸ ಬಾಕಿ ಮಾಡಿದರೆ ಮುಂದಿನ ಸಲ ತನ್ನನ್ನು ಕರೆಯುತ್ತಾರೋ ಇಲ್ಲವೋ ಎಂಬ ಹೆದರಿಕೆ ಹರೀಶನಿಗೆ. ಆದರೂ ಸ್ಪೀಕರಿನಲ್ಲೇ ಫೋನ್ ಮಾಡಿದ. “ಸರ್, ಮೇಲಿನದ್ದು ಇವತ್ತು ಆಗುವುದಿಲ್ಲ. ಕೆಡ್ಡಸ ಅಲ್ವಾ ಸರ್,” ಎಂದ.

ಆ ಕಡೆಯ ಸರ್, “ಛೆ, ಹೌದಲ್ಲ ಮಾರಾಯ! ಗಡಿಬಿಡಿಯಲ್ಲಿ ನನಗೆ ನೆನಪೇ ಹೋಯ್ತು. ಮೊದಲೇ ಹೇಳಬಾರದಾ? ಬಿಡು, ಬಿಡು. ಹಸಿರು ಮುಟ್ಟಬೇಡ,” ಎಂದರು.

ಹರೀಶ ನಕ್ಕ. ನಾನೂ ನಕ್ಕೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಯೋಚಿಸಿದೆ. ನಗುವ ವಿಷಯವೇ ಇದು? ಆ ಸರ್‌ಗೆ ಕೆಡ್ಡಸ ಯಾವಾಗ ಎಂಬುದು ಗೊತ್ತಿರಲಿಲ್ಲ. ಹಾಗೆ ಒಪ್ಪಿಕೊಳ್ಳಲು ನಾಚಿಕೆ. ಆದರೆ ಕೆಡ್ಡಸದಂದು ಏನು ಮಾಡಬಾರದು ಎಂಬುದು ಅವರಿಗೆ ಮರೆತುಹೋಗಿರಲಿಲ್ಲ. ನಮ್ಮ ನಗರದವರೆಲ್ಲ ಹೀಗೆಯೇ. ದಿನ ಮರೆತಿದ್ದೇವೆ, ಭಯ ಉಳಿಸಿಕೊಂಡಿದ್ದೇವೆ. ಭಯವೋ, ಪ್ರೀತಿಯೋ? ಮಲಗಿದ ತಾಯಿಯ ಪಕ್ಕ ತುದಿಗಾಲಲ್ಲಿ ನಡೆಯುವುದಕ್ಕೆ ಏನೆನ್ನುತ್ತಾರೋ ಅದು.

ಸಂಜೆ ಸುಜಾತ ಬಂದಾಗ ಚಿನ್ನು ಎಲ್ಲ ಹೇಳಿದಳು. ಸುಜಾತ ಬ್ಯಾಗ್ ಕೂಡ ಕೆಳಗಿಡದೆ ನಿಂತಳು.

“ಅಮ್ಮಾ, ನೀನಾ? ಹೊರಗಿನವರ ಹತ್ತಿರ ಮಾತಾಡಿದ್ದಾ?”

“ಸುಳ್ಳು ಸಾ ಹೇಳಿದ್ದಾರೆ,” ಎಂದಳು ಚಿನ್ನು, ಹೆಮ್ಮೆಯಿಂದ.

ಭಾನುವಾರ ಸುಜಾತಳೂ ನಮ್ಮ ಜೊತೆ ಬಂದಳು. ಗಣ್ಯರು ತಡವಾಗಿ ಬಂದರು (ಬೇಗ ಬಂದರೆ ಗಣ್ಯರಾಗುವುದು ಹೇಗೆ?). ಗೇಟಿನ ಬಳಿ ಚಟ್ಟಿಯ ಸೇವಂತಿಗೆಯನ್ನು ನೋಡಿ ‘ವಂಡರ್‌ಫುಲ್’ ಎಂದರು, ಫೋಟೋ ತೆಗೆಸಿಕೊಂಡರು. ಬಿಸಿಲು ಏರುತ್ತಿತ್ತು. ಕೇಪುಳದ ಬಳಿ ಒಂದು ಮಗು ನಿಲ್ಲಿಸದೆ ಮಾತಾಡಿತು. ಕರಂಡೆಯ ಬಳಿ ಇನ್ನೊಂದು. ಮೇಲೆ ಚಿನ್ನುವಿನ ಹೂಗಳು ಒಂದೊಂದಾಗಿ ಕಣ್ಣು ಮುಚ್ಚಲು ಶುರುಮಾಡಿದ್ದವು. ಅವಳೂ ಹಾಗೆಯೇ. ತುಟಿ ಒಣಗಿತ್ತು, ಕೈ ಫ್ರಾಕಿನ ಅಂಚನ್ನು ಸುತ್ತುತ್ತಿತ್ತು. ನಾನು ದೂರದಲ್ಲಿ ನಿಂತಿದ್ದೆ. ಹತ್ತಿರ ಹೋದರೆ ಅವಳು ಸೆರಗು ಹಿಡಿಯುತ್ತಾಳೆ.

ಕೊನೆಗೂ ಅವರೆಲ್ಲ ಬಂದರು. ಬಿಳಿ ಅಂಗಿ, ಗರಿಗರಿ ಸೀರೆ, ಕಪ್ಪು ಕನ್ನಡಕ. ಎಲ್ಲರೂ ಸುತ್ತ ನೋಡಿದರು. “ಇಲ್ಲಿ ಎಂತ ಉಂಟು? ಬರೀ ಹುಲ್ಲಲ್ವಾ?” ಎಂದರೊಬ್ಬರು. ಹೊರಡಲು ಕಾಲು ತಿರುಗಿಸಿದರು.

ಚಿನ್ನುವಿಗೆ ಬಾಯಿಪಾಠ ಮಾಡಿದ ನಾಲ್ಕು ಮಾತುಗಳಲ್ಲಿ ಒಂದೂ ಬರಲಿಲ್ಲ. ಮುಖ ಕೆಂಪಾಯಿತು. ಕಣ್ಣು ತುಂಬಿತು. ಆಮೇಲೆ, ನಾನು ಮನೆಯಲ್ಲಿ ಮಾತ್ರ ಕೇಳಿದ ಧ್ವನಿಯಲ್ಲಿ, ಸ್ವಲ್ಪ ಸಿಟ್ಟಿನಿಂದಲೇ ಎಂದಳು:

“ಕೂತುಕೊಳ್ಳಿ. ನಿಂತರೆ ಕಾಣುವುದಿಲ್ಲ.”

ಮೊದಲು ಸುಜಾತ ಕುಳಿತಳು. ಆಮೇಲೆ ಮುಖ್ಯ ಅತಿಥಿಗಳು ಮೊಣಕಾಲು ಹಿಡಿದುಕೊಂಡು, ಅಯ್ಯೋ ಎನ್ನುತ್ತಾ ಕುಳಿತರು. ಅವರು ಕುಳಿತ ಮೇಲೆ ಉಳಿದವರಿಗೆ ನಿಲ್ಲಲಾಗುತ್ತದೆಯೇ? ಗರಿಗರಿ ಸೀರೆಗಳೆಲ್ಲ ಹುಲ್ಲಿಗೆ ಇಳಿದವು. ಎಲ್ಲರ ತಲೆ ಬಗ್ಗಿತು. ಮುಚ್ಚದೆ ಉಳಿದಿದ್ದ ಕೆಲವೇ ಕೆಲವು ಹೂಗಳು ಆಕಾಶದ ಚೂರುಗಳ ಹಾಗೆ ಹುಲ್ಲಿನ ಬುಡದಲ್ಲಿದ್ದವು. ಯಾರೂ ವಂಡರ್‌ಫುಲ್ ಎನ್ನಲಿಲ್ಲ. ಗಾಳಿ ಬಂತು. ಹುಲ್ಲು ಒಮ್ಮೆ ಮಲಗಿ ಎದ್ದಿತು. ಅಷ್ಟು ಜನ ಒಟ್ಟಿಗೆ ಮೆಲ್ಲಗೆ ಉಸಿರಾಡುವುದನ್ನು ನಾನು ಮದುವೆ ಮನೆಯಲ್ಲೂ ಕೇಳಿಲ್ಲ, ದೇವಸ್ಥಾನದಲ್ಲೂ ಕೇಳಿಲ್ಲ.

ಎಲ್ಲ ಮುಗಿದು ಚಹಾ ಕುಡಿಯುವಾಗ ಹರೀಶ ಹತ್ತಿರ ಬಂದ. ಮಾತು ಹೇಗೆ ಶುರುಮಾಡುವುದೆಂದು ತಲೆ ಕೆರೆದುಕೊಂಡ.

“ಅಮ್ಮಾ, ಆಫೀಸಿನಲ್ಲಿ ಕೇಳ್ತಿದ್ದಾರೆ, ಕೆಡ್ಡಸ ಯಾವಾಗ ಮುಗೀತದೆ ಅಂತ. ಅದು ಮುಗಿದ ಮರುದಿನ ಇಲ್ಲಿ ಹುಲ್ಲಿಗೆ ಮೆಷಿನ್ ಇಡ್ಲಿಕ್ಕೆ ಉಂಟು.”

ನಾನು ಇಳಿಜಾರಿನ ಕಡೆ ನೋಡಿದೆ. ಇನ್ನೂ ಅರಳದ ಮೊಗ್ಗುಗಳೇ ಅಲ್ಲಿ ಎಷ್ಟೋ ಇವೆ. ಮುಂದಿನ ಶನಿವಾರ ಬಂದಾಗ ಹೇಳುತ್ತೇನೆ ಎಂದು ಬಂದಿದ್ದೇನೆ. ನೀವೇ ಹೇಳಿ, ಯಾವಾಗ ಎನ್ನಲಿ?